ಮೆಲ್ಲಗೆ ಹಾಕಿದ ಟೇಪು

ಆರ್ಡೆಲ್ಲಾ ತರಗತಿಯ ಬಾಗಿಲು ಮುಚ್ಚಿ, ಅದರ ಗಾಜಿಗೆ ಅಲಬಾಮಾದ ನಕಾಶೆ ಅಂಟಿಸಿದಳು. ಶಿಕ್ಷಣ ಮಂಡಳಿ ಒಪ್ಪದ ಏನನ್ನೂ ಮಕ್ಕಳಿಗೆ ತೋರಿಸಕೂಡದು, ಕೇಳಿಸಕೂಡದು. ಒಮ್ಮೆ ಎಚ್ಚರಿಕೆ ಕೊಟ್ಟಾಗಿದೆ, ಇನ್ನೊಮ್ಮೆಯಾದರೆ ಮನೆಗೇ ಎಂದಿದ್ದರು ಹೆಡ್‌ಮಾಸ್ಟರ್ ಪ್ರೂಯಿಟ್. ಕೆಲಸ ಹೋದರೆ ವಿಮೆ ಹೋಗುತ್ತದೆ. ವಿಮೆ ಹೋದರೆ ಅಮ್ಮನ ಡಯಾಲಿಸಿಸ್.

ಆದರೆ ಇವತ್ತು ಅವಳು ತಂದ ಟೇಪಿನಲ್ಲಿದ್ದದ್ದು ಆ ಅಮ್ಮನದೇ ದನಿ. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ, ಕಪ್ಪು ಜನರ ಹಕ್ಕಿಗಾಗಿ ಶಾಲಾಮಕ್ಕಳು ಜೈಲಿಗೂ ಸಿದ್ಧರಾಗಿ ಹೊರಟ ಮೆರವಣಿಗೆಯ ಹಿಂದಿನ ಸಂಜೆ, ಇದೇ ಊರಿನ ಚರ್ಚಿನಲ್ಲಿ ಯಾರೋ ಹಿಡಿದಿಟ್ಟದ್ದು. ಆಗ ಅಮ್ಮನಿಗೆ ಹನ್ನೆರಡು ವರ್ಷ. ಪಠ್ಯಪುಸ್ತಕದಲ್ಲಿ ಆ ಮಕ್ಕಳಿಗೆ ಸಿಕ್ಕಿದ್ದು ಒಂದು ಸಾಲು, ಹೆಸರಿಲ್ಲದೆ. ನಾನು ಇರುವಾಗಲೇ ಮಕ್ಕಳಿಗೆ ಕೇಳಿಸು ಎಂದು ಅಮ್ಮ ಆಸ್ಪತ್ರೆಯ ಕುರ್ಚಿಯಲ್ಲಿ ಮಲಗಿಯೇ ಕೇಳಿದ್ದಳು.

"ಉಸಿರು ಬಿಟ್ಟಿದ್ದೂ ಹೊರಗೆ ಕೇಳಿಸ್ಬಾರ್ದು," ಎಂದಳು ಆರ್ಡೆಲ್ಲಾ.

"ಹಾಗಾದ್ರೆ ಡೆಮಾರ್ಕಸ್‌ನ ಹೊರಗೆ ಹಾಕಿ ಮಿಸ್," ಎಂದಳು ಟನೀಶಾ. "ಅವನ ಮೂಗು ಗೂಡ್ಸ್ ಗಾಡಿ."

ಟೇಪು ತಿರುಗಿತು. ಜೈಲಿಗೆ ಹೋಗುವವರು ಜೇಬಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಳ್ಳಿ ಎಂದು ಅಮ್ಮನ ಎಳೆಯ ದನಿ ಹೇಳಿತು. ಆಮೇಲೆ ರಾಗವಾಗಿ ಕೇಳಿತು: "ನಾಳೆ ಯಾರ್ಯಾರು ಬರ್ತೀರಿ?"

ಸಭೆಯ ಉತ್ತರ ಸವೆದುಹೋಗಿ ಬರೀ ಗೊರಗೊರ ಉಳಿದಿತ್ತು. ಆ ಖಾಲಿ ಜಾಗಕ್ಕೆ ಇಡೀ ತರಗತಿ ಓಗೊಟ್ಟಿತು.

"ನಾವು ಬರ್ತೀವಿ!"

ಚರ್ಚಿನ ಬೆಂಚಿನಲ್ಲಿ ಬೆಳೆದ ಮಕ್ಕಳು. ವೇದಿಕೆಯಿಂದ ಕರೆ ಬಂದಾಗ ಸುಮ್ಮನೆ ಕೂತರೆ ಅಜ್ಜಿಯರ ಮೊಣಕೈ ಪಕ್ಕೆಗೆ ಬೀಳುತ್ತದೆ. ತಾನೂ ಹಾಗೇ ಬೆಳೆದವಳು; ಅದೊಂದನ್ನು ಆರ್ಡೆಲ್ಲಾ ಮರೆತಿದ್ದಳು. ಅವಳು ಕೈಯೆತ್ತಿ ತಡೆಯುವಷ್ಟರಲ್ಲಿ ದನಿ ಮತ್ತೆ ಕರೆಯಿತು, ಮಕ್ಕಳು ಇನ್ನೂ ಗಟ್ಟಿಯಾಗಿ ಓಗೊಟ್ಟರು, ಈ ಸಲ ಮೇಜು ಬಡಿದು.

ಬಾಗಿಲು ತೆರೆಯಿತು. ಪ್ರೂಯಿಟ್ ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಭಾನುವಾರ ಅದೇ ಚರ್ಚಿನ ಮುಂದಿನ ಸಾಲಿನಲ್ಲಿ ಕೂರುವ ಹಿರಿಯರು.

"ಪಕ್ಕದ ಕೋಣೇಲಿ ಮಂಡಳಿಯವರು ಕೂತಿದ್ದಾರಮ್ಮ," ಎಂದರು ಮೆಲ್ಲಗೆ. "ಇನ್ನು ನನ್ನ ಕೈಲೇನೂ ಇಲ್ಲ. ನಿಲ್ಸು ಅದನ್ನ."

ಆರ್ಡೆಲ್ಲಾ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಾಗಲಿಲ್ಲ.

"ನಾಳೆ ಯಾರ್ಯಾರು ಬರ್ತೀರಿ?"

ಮಕ್ಕಳು ಅವಳ ಮುಖ ನೋಡಿದರು. ಗೊರಗೊರ ಸದ್ದೊಂದೇ ಉದ್ದಕ್ಕೆ ಹೋಯಿತು. ಬಾಗಿಲ ಬಳಿ, ತಾಳಕ್ಕೆಂದು ತಾನಾಗಿ ಮೇಲೆದ್ದ ಬೂಟುಗಾಲನ್ನು ಪ್ರೂಯಿಟ್ ಸದ್ದಾಗದಂತೆ ನೆಲಕ್ಕೆ ಇಳಿಸಿದರು.