ಇಟ್ಟಿಗೆಯ ಮೇಲಿನ ಕಾರು

ಹಳೆಯ ಫೋಟೋಗಳ ಸಂಗ್ರಹಾಲಯದಲ್ಲಿ ಅವಳ ಕೆಲಸ ಒಂದೇ: ಫೋಟೋದಲ್ಲಿ ಕಾರು ಕಂಡರೆ ಅದು ಯಾವ ಕಾಲದ್ದೆಂದು ಹೇಳುವುದು. ನೋಡುವ ಮುನ್ನ ಮನುಷ್ಯರ ಮುಖಗಳ ಮೇಲೆಲ್ಲ ಕಾಗದದ ಚೂರು ಮುಚ್ಚುತ್ತಿದ್ದಳು. ಮುಖಗಳು ಸುಳ್ಳು ಹೇಳುತ್ತವೆ, ಗಾಲಿಗಳಿಗೆ ಆ ವಿದ್ಯೆ ಬಾರದು ಎಂಬುದು ಅವಳ ನಂಬಿಕೆ. ಮಾತು ಕಡಿಮೆ, ದಿಟ್ಟಿಸುವುದು ಜಾಸ್ತಿ. ಹಾಗಾಗಿ ಮನೆಯವರಿಗೆಲ್ಲ ಅವಳು ಭೂತಗನ್ನಡಿ.

ಆ ದಿನ ಸೋದರಮಾವ ಒಂದು ಫೋಟೋವನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಬಂದರು.

"ನೋಡೇ ಭೂತಗನ್ನಡಿ, ನಮ್ಮ ತಾತ, ನಮ್ಮ ತಾತನ ಕಾರು! ಭಾನುವಾರ ಹಳೇ ಕಾರುಗಳ ಮೆರವಣಿಗೆ. ಎಲ್ಲಕ್ಕಿಂತ ಮುಂದಿನ ಕಾರಲ್ಲಿ ಕೂರೋಕೆ ಮನೆತನದಲ್ಲಿ ಕಾರಿತ್ತು ಅಂತ ಸಾಬೀತಾಗ್ಬೇಕಂತೆ. ಮೆರವಣಿಗೆ ನಡೆಸೋ ಸಂಘದ ಅಧ್ಯಕ್ಷ ನನ್ನ ಚಪ್ಪಲಿ ನೋಡಿ ನಕ್ಕ ಕಣೇ. ಒಂದು ಚೀಟಿ ಬರೆದುಕೊಡು, ಸಾಕು."

"ನೋಡದೆ ಬರೆಯಲ್ಲ ಮಾವ."

"ನೋಡು, ನೋಡು. ಚಿನ್ನಕ್ಕೆ ಒರೆಗಲ್ಲಿನ ಭಯವೇ?"

ಅವಳು ಮುತ್ತಾತನ ಮೀಸೆ ಮುಚ್ಚಿ ಬಗ್ಗಿದಳು. ದೀಪಗಳು ಹಿತ್ತಾಳೆಯವು, ಗ್ಯಾಸಿನಿಂದ ಉರಿಯುತ್ತಿದ್ದ ಕಾಲದವು. ಆದರೆ ಗ್ಯಾಸು ತರುವ ರಬ್ಬರ್ ಕೊಳವೆಯೇ ಇಲ್ಲ. ಇಂಜಿನ್ ಎಬ್ಬಿಸಲು ತಿರುವುವ ಹಿಡಿ ಇರಬೇಕಾದ ಕಡೆ ಬರಿಯ ತೂತು. ಎಡದೀಪ ನೆಗ್ಗಿದೆ. ಮುಂದಿನ ಗಾಲಿಯ ಒಂದು ಮರದ ಕಡ್ಡಿಗೆ ತಂತಿ ಸುತ್ತಿದೆ. ಗಾಲಿಯ ಪಕ್ಕದ ಹೂಕುಂಡದ ಹಿಂದಿನಿಂದ ಒಂದು ಇಟ್ಟಿಗೆ ಇಣುಕುತ್ತಿದೆ. ಟೈರು ನೆಲ ಮುಟ್ಟಿರಲೇ ಇಲ್ಲ.

ಅವಳು ಮುಖ ಗಂಭೀರ ಮಾಡಿಕೊಂಡು ತಲೆಯೆತ್ತಿದಳು. ಆ ಮುಖ ಕಂಡು ಮಾವ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರು.

"ಏನೇ? ಯಾರಾದ್ರೂ ಹೋದ್ರಾ?"

ಅವಳು ಡ್ರಾಯರ್ ಎಳೆದು ಇನ್ನೂ ನಾಲ್ಕು ಫೋಟೋಗಳನ್ನು ಸಾಲಾಗಿ ಇಟ್ಟಳು. ನಾಲ್ಕರಲ್ಲೂ ಅದೇ ನೆಗ್ಗು, ಅದೇ ತಂತಿ, ಅದೇ ಇಟ್ಟಿಗೆ.

"ಇದು ಫೋಟೋ ಸ್ಟುಡಿಯೋದವರ ಕಾರು ಮಾವ. ಇಂಜಿನ್ನೇ ಇರಲಿಲ್ಲ. ಜನ ಬಂದು ಒರಗಿಕೊಂಡು ಫೋಟೋ ತೆಗೆಸಿಕೊಳ್ತಿದ್ರು."

"ಹಾಗಾದ್ರೆ ನಮ್ಮ ತಾತ..."

"ಮೀಸೆ ಅಸಲಿ."

ಮಾವ ಗಾಳಿ ಹೋದ ಟೈರಿನಂತೆ ಕುರ್ಚಿಯಲ್ಲಿ ಕುಸಿದರು. ಕೈ ಸುಮ್ಮನಿರದೆ ಆ ನಾಲ್ಕರಲ್ಲಿ ಒಂದು ಫೋಟೋದ ಮುಖ ಮುಚ್ಚಿದ್ದ ಕಾಗದದ ಚೂರನ್ನು ಎತ್ತಿತು. ಮರುಕ್ಷಣ ಎದ್ದು ನಿಂತರು.

"ಈ ಮೂಗು! ಇದು ಆ ಅಧ್ಯಕ್ಷನ ಮೂಗು!"

ಅವಳು ಫೋಟೋ ತಿರುಗಿಸಿದಳು. ಹಿಂದೆ ಅಧ್ಯಕ್ಷರ ಅಜ್ಜನ ಹೆಸರಿತ್ತು. ಅಧ್ಯಕ್ಷರೇ ಸಂಗ್ರಹಾಲಯಕ್ಕೆ ಕೊಟ್ಟಿದ್ದ ಪ್ರತಿ. ಮುಖ ಮುಚ್ಚಿ ನೋಡುವ ತನ್ನ ಜಾಣತನದಲ್ಲಿ ಅವಳಿಗೆ ಇದೊಂದು ಕಂಡಿರಲಿಲ್ಲ.

"ಈಗಲಾದ್ರೂ ಬರೆದುಕೊಡೇ."

"ಸುಳ್ಳು ಬರೆಯಲ್ಲ" ಎಂದಳು. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ ಕೂತು, ಆಮೇಲೆ ಬರೆದಳು: 'ಈ ಫೋಟೋದಲ್ಲಿರುವ ಕಾರೂ ಸಂಘದ ಅಧ್ಯಕ್ಷರ ಅಜ್ಜನ ಫೋಟೋದಲ್ಲಿರುವ ಕಾರೂ ಒಂದೇ. ಗುರುತು: ನೆಗ್ಗಿದ ದೀಪ, ತಂತಿ ಸುತ್ತಿದ ಕಡ್ಡಿ, ಇಟ್ಟಿಗೆ.'

ಸಂಘದ ಕಚೇರಿಗೆ ಇಬ್ಬರೂ ಹೋದರು. ಅಧ್ಯಕ್ಷರು ಚೀಟಿ ಓದಿದರು. ಗೋಡೆಯ ಮೇಲೆ ಆಳೆತ್ತರದ ಚೌಕಟ್ಟಿನಲ್ಲಿದ್ದ ಅಜ್ಜನನ್ನು ನೋಡಿದರು, ಅಜ್ಜನ ಕಾಲ ಬಳಿಯ ಹೂಕುಂಡವನ್ನು ನೋಡಿದರು. ಚೀಟಿಯನ್ನು ನಾಲ್ಕಾಗಿ ಮಡಿಸಿ ತಮ್ಮ ಜೇಬಿಗೆ ಇಳಿಸಿದರು.

"ಭಾನುವಾರ ಎಂಟಕ್ಕೆ ಬಂದುಬಿಡಿ. ನನ್ನ ಪಕ್ಕದಲ್ಲೇ ಕೂರೋರಂತೆ."

ಭಾನುವಾರ ಮುಂದಿನ ಕಾರು ಮೊದಲ ಏರಿನಲ್ಲೇ ಕೆಮ್ಮಿ ನಿಂತಿತು. ಇಬ್ಬರು ಗಣ್ಯರೂ ಇಳಿದು ತಳ್ಳಬೇಕಾಯಿತು. ಭೂತಗನ್ನಡಿ ಬದಿಯಲ್ಲೇ ನಡೆಯುತ್ತಿದ್ದಳು.

"ಏನೇ ಹೇಳಿ" ಎಂದರು ಮಾವ ಏದುಸಿರು ಬಿಡುತ್ತ, "ನಮ್ಮ ತಾತನ ಕಾರು ಒಂದು ದಿನವೂ ಹೀಗೆ ದಾರಿಯಲ್ಲಿ ಕೈಕೊಟ್ಟಿರಲಿಲ್ಲ."

ಅಧ್ಯಕ್ಷರು ಬೆವರೊರೆಸಿಕೊಂಡರು.

"ನಮ್ಮದೂ ಅಷ್ಟೇ."