ನಾಯಿಗೆ ಹಾಕಿದ ಉಪವಾಸ

ನಾಯಿಯನ್ನು ಉಪವಾಸ ಕೆಡವಿದ್ದು ಯಾರು ಎಂದು ಕೇಳಿದ್ದರೆ ನಿರಂಜನಾಬೆನ್ ಡಾಕ್ಟರ ಕಡೆ ಕೈ ತೋರಿಸಬಹುದಿತ್ತು. ಅದರಲ್ಲಿ ಅರ್ಧ ನಿಜವೂ ಇತ್ತು. ಜೈನರ ಎಂಟು ದಿನದ ಪರ್ಯೂಷಣ ಪರ್ವದ ಐದನೆಯ ದಿನ ಓಣಿಯಲ್ಲಿ ಹಂಚಿದ ತುಪ್ಪದ ಲಾಡುಗಳನ್ನು ಡಬ್ಬಿಗೇ ಬಾಯಿ ಹಾಕಿ ಮುಗಿಸಿದ ನಾಯಿ ಖಾಖ್ರೊ, ಎರಡು ದಿನ ವಾಂತಿ ಭೇದಿಯಾಗಿ ಹೈರಾಣಾಗಿದ್ದ. "ಇವತ್ತು ರಾತ್ರಿ ಹೊಟ್ಟೆಗೆ ಏನೂ ಕೊಡಬೇಡಿ. ನೀರು ಮಾತ್ರ ಎದುರಿಗೇ ಇರಲಿ" ಎಂದು ಡಾಕ್ಟರು ಫೋನಿನಲ್ಲಿ ಸೊಸೆ ಜಿಗೀಷಾಗೆ ಹೇಳಿದ್ದರು. ಅವಳು ಬಟ್ಟಲು ತುಂಬಿಸಿಟ್ಟು ಮಹಡಿ ಹತ್ತಿದಳು. ಹೊತ್ತು ಮುಳುಗುವ ಮುಂಚೆ ನಿರಂಜನಾಬೆನ್ ಆ ಬಟ್ಟಲನ್ನು ಎತ್ತಿ ಕಪಾಟಿನ ಮೇಲಿಟ್ಟರು.

ಕೆಟ್ಟ ಮನಸ್ಸಿನಿಂದಲ್ಲ, ಖಂಡಿತ ಅಲ್ಲ. ಆ ಮನೆಯಲ್ಲಿ ನಲವತ್ತು ವರ್ಷಗಳಿಂದ ಸೂರ್ಯ ಮುಳುಗಿದ ಮೇಲೆ ಯಾರೂ ಒಂದು ತೊಟ್ಟು ನೀರು ಮುಟ್ಟಿದವರಲ್ಲ. ಅವರದೇ ಎಂಟು ದಿನದ ಉಪವಾಸ ನಡೆದಿತ್ತು. ಹಗಲಲ್ಲಿ ಕಾಯಿಸಿದ ನೀರು ಬಿಟ್ಟರೆ ಬೇರೇನೂ ಇಲ್ಲ. ನಾನು ಇಷ್ಟು ದಿನ ಇರಬಲ್ಲೆನಾದರೆ ಇವನು ಒಂದು ರಾತ್ರಿ ಇರಲಾರನೇ, ಪಾಪದ ಪ್ರಾಣಿಗೂ ಅಷ್ಟು ಪುಣ್ಯ ಬರಲಿ ಎಂದುಕೊಂಡರು. ಎದುರುಮನೆಯ ಕುಮುದ್‌ಬೆನ್‌ಗೆ ಕಿಟಕಿಯಿಂದಲೇ "ನಮ್ಮ ಖಾಖ್ರೊನೂ ಉಪವಾಸ ಕಣೇ!" ಎಂದು ಜಂಬವನ್ನೂ ಕೊಚ್ಚಿಕೊಂಡರು.

ಬೆಳಿಗ್ಗೆ ಖಾಖ್ರೊ ಮೆಟ್ಟಿಲ ಕೆಳಗೆ ಬಿದ್ದಿದ್ದ. ರಾತ್ರಿ ಮತ್ತೆ ಮೂರು ಕಡೆ ಭೇದಿಯಾಗಿತ್ತು. ಕಣ್ಣು ಗುಳಿ ಬಿದ್ದಿತ್ತು, ಕರೆದರೆ ಬಾಲವೂ ಆಡಲಿಲ್ಲ. ಜಿಗೀಷಾ ಅವನ ಬೆನ್ನಿನ ಚರ್ಮ ಹಿಡಿದೆತ್ತಿ ಬಿಟ್ಟಳು. ಮೈಯ ನೀರೆಲ್ಲ ಬತ್ತಿ, ಅದು ಎತ್ತಿದ ಹಾಗೇ ನಿಂತಿತು.

"ಅತ್ತೆ, ನೀರಿನ ಬಟ್ಟಲೆಲ್ಲಿ?"

"ನಾನೇ ತೆಗೆದಿಟ್ಟೆ."

"ಯಾವಾಗ?"

"ನಿನ್ನೆ ಸಂಜೆ."

"ಅಯ್ಯೋ ದೇವರೇ! ನೀವು ಗುರುಗಳ ಮುಂದೆ ಕೈಮುಗಿದು ವ್ರತ ತೊಗೊಂಡ್ರಿ. ಇವನು ಯಾರ ಮುಂದೆ ತೊಗೊಂಡಿದ್ದ?"

ನಿರಂಜನಾಬೆನ್ ಕಪಾಟಿನ ಮೇಲಿಂದ ಬಟ್ಟಲನ್ನು ಇಳಿಸಿ ತಂದರು. ಇವನು ಸತ್ತರೆ ಕೊಂದವಳು ನಾನೇ ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ಡಾಕ್ಟರು ಪಾಟಣಕ್ಕೆ ಹೋಗಿದ್ದರು, ಬರುವುದು ಸಂಜೆಗೇ. ಫೋನಿನಲ್ಲೇ ಹೇಳಿದರು: "ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ. ಐದೈದು ನಿಮಿಷಕ್ಕೆ ಒಂದೊಂದೇ ಚಮಚ. ಗಟಗಟ ಕುಡಿಸಿದ್ರೆ ಕಕ್ಕಿಬಿಡ್ತಾನೆ. ಉಚ್ಚೆ ಹೊಯ್ದ ಅಂದ್ರೆ ಗೆದ್ದ ಹಾಗೆ. ಸಂಜೆವರೆಗೂ ಹೊಯ್ಲಿಲ್ಲ ಅಂದ್ರೆ... ಬಂದು ನೋಡ್ತೀನಿ."

ಕಾಯಿಸಿದ ನೀರಿಗೆ ಆ ಮನೆಯಲ್ಲಿ ಬರವೇ? ನಿರಂಜನಾಬೆನ್ ತಮ್ಮ ಉಪವಾಸದ ತಪ್ಪಲೆಯಿಂದಲೇ ಅದೇ ಬಟ್ಟಲಿಗೆ ಬಗ್ಗಿಸಿಕೊಂಡು, ಉಪ್ಪು ಸಕ್ಕರೆ ಕದಡಿ ಕೂತರು. ಮೊದಲ ಚಮಚ ಕಟವಾಯಿಂದ ಹೊರಗೆ ಹರಿಯಿತು. ಎರಡನೆಯದನ್ನು ಕಕ್ಕಿದ. ಮೂರನೆಯದು ಒಳಗೆ ನಿಂತಿತು. ಗಡಿಯಾರ ನೋಡುವುದು, ಚಮಚ ಹಿಡಿಯುವುದು, ಅವನ ಹೊಟ್ಟೆಯ ಕೆಳಗಿನ ನೆಲವನ್ನು ಅಂಗೈಯಿಂದ ತಡವಿ ನೋಡುವುದು. ಒಣ ಒಣ. ತಮ್ಮ ಗಂಟಲು ಒಣಗಿದ್ದು ಮಧ್ಯಾಹ್ನದವರೆಗೂ ಅವರಿಗೆ ಗೊತ್ತೇ ಆಗಲಿಲ್ಲ.

ಅವತ್ತು ಪರ್ಯೂಷಣದ ಕೊನೆಯ ದಿನ, ಸಂವತ್ಸರಿ. ಮೂರು ಗಂಟೆಗೆ ಓಣಿಯ ಹೆಂಗಸರೆಲ್ಲ ಮಡಿಯುಟ್ಟು, ಕಂಕುಳಲ್ಲಿ ಉಣ್ಣೆಯ ಆಸನ ಇಟ್ಟುಕೊಂಡು ಮುನಿಗಳು ತಂಗುವ ಉಪಾಶ್ರಯಕ್ಕೆ ಪ್ರಾರ್ಥನೆಗೆಂದು ಹೊರಟರು. ನಿರಂಜನಾಬೆನ್ ಕೂಡ ಬೆಳಿಗ್ಗೆಯೇ ಬಿಳಿ ಸೀರೆ ಉಟ್ಟು ಕೂತಿದ್ದರು. ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿದವರಲ್ಲ.

ಕುಮುದ್‌ಬೆನ್ ಬಾಗಿಲಲ್ಲಿ ಇಣುಕಿದರು. "ಏಳೇ ನಿರಂಜನಾ! ವರ್ಷದ ಪಾಪ ತೊಳೆಯೋ ದಿನ ನಾಯಿ ಮುಂದೆ ಕೂತಿದೀಯಲ್ಲೇ, ಬುದ್ಧಿಗಿದ್ಧಿ ಇದೆಯಾ?"

"ನೀ ಹೋಗೇ. ನನ್ನ ಪಾಪ ಇಲ್ಲೇ ಮಲಗಿದೆ."

"ಕೊಡಿ ಅತ್ತೆ, ನಾನು ಕುಡಿಸ್ತೀನಿ, ಹೋಗಿಬನ್ನಿ" ಎಂದು ಜಿಗೀಷಾ ಕೈ ಚಾಚಿದಳು. ಬೆಳಗಿನ ಸಿಟ್ಟು ಅವಳ ದನಿಯಲ್ಲಿರಲಿಲ್ಲ. ನಿರಂಜನಾಬೆನ್ ಚಮಚ ಬಿಡಲಿಲ್ಲ.

ನಾಲ್ಕಾಯಿತು, ನಾಲ್ಕೂವರೆಯಾಯಿತು. ಖಾಖ್ರೊಗೆ ಚಳಿ ಹಿಡಿದಂತೆ ನಡುಕ ಬಂತು. ಅವರು ಅವನನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡರು, ತಮ್ಮ ಪೂಜೆಯ ಆಸನವನ್ನೇ ಹೊದಿಸಿದರು. "ಹೋಗಬೇಡ ಕಣೋ. ತಪ್ಪಾಯ್ತು, ಹೋಗಬೇಡ" ಎಂದು ಗೊಣಗುತ್ತಾ ಇನ್ನೊಂದು ಚಮಚ ಹಿಡಿದರು. ಅವನು ತಾನಾಗಿ ನಾಲಿಗೆ ಚಾಚಿ ನೆಕ್ಕಿದ.

ಆಮೇಲೆ ತೊಡೆ ಬಿಸಿಯಾಯಿತು. ಬಿಳಿ ಸೀರೆಯ ಮೇಲೆ, ಆಸನದ ಮೇಲೆ, ನೆಲದ ಮೇಲೆ ಹರಿಯಿತು. ನಿರಂಜನಾಬೆನ್‌ಗೆ ಒಂದು ಕ್ಷಣ ಏನೆಂದೇ ತಿಳಿಯಲಿಲ್ಲ.

"ಹೊಯ್ದ! ಕುಮುದ್, ಕೇಳಿಸ್ತೇನೇ, ನಮ್ಮ ಖಾಖ್ರೊ ಹೊಯ್ದ ಕಣೇ!"

ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ, ಎಲ್ಲರೂ ಉಪಾಶ್ರಯದಲ್ಲಿದ್ದರು. ಜಿಗೀಷಾ ಮಾತ್ರ ಅಡುಗೆಮನೆಯಿಂದ ಓಡಿಬಂದಳು. ಅತ್ತೆ ಅಳುತ್ತಿದ್ದರು, ಮೂಗಿನಿಂದಲೂ ನೀರು ಸುರಿಯುತ್ತಿತ್ತು.

"ಅತ್ತೆ, ಸೀರೆ ಎಲ್ಲಾ..."

"ಸೀರೆ ಹಾಳಾಗ್ಲಿ, ಬಟ್ಟಲು ಇತ್ತ ತಾ. ಐದು ನಿಮಿಷ ಆಯ್ತು."