ಧೂಳಿನ ಮೇಲೆ ತೌನೊನ ಅನುಮಾನ

ಫಿನ್ಲೆಂಡಿನ ಸೈಮಾ ಸರೋವರದ ದಡದಲ್ಲಿರುವ ಕಾಗದ ಕಾರ್ಖಾನೆಯಲ್ಲಿ ತೌನೊ ಮತ್ತು ನಾನು ಇಪ್ಪತ್ತು ವರ್ಷ ಒಂದೇ ಯಂತ್ರದ ಎರಡು ತುದಿಗಳಲ್ಲಿ ನಿಂತು ದುಡಿದವರು. ನಲವತ್ತೊಂಬತ್ತನೇ ವಯಸ್ಸಿನ ಹೊತ್ತಿಗೆ ತೌನೊನ ತೂಕ ನೂರಿಪ್ಪತ್ತೆಂಟು ಕಿಲೋ ಮುಟ್ಟಿತ್ತು. ಆ ಚಳಿಗಾಲದಲ್ಲಿ ಮೊಣಕಾಲು ಕೈಕೊಟ್ಟಿತು. ಆಗ ಮಾಡಿಸಿದ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಕಂಡವು. ರಕ್ತದಲ್ಲಿ ಉರಿಯೂತದ ಅಂಕಿಯೂ ಏರಿತ್ತು.

"ಮೊದಲು ತೂಕ ಇಳಿಸಿ" ಎಂದರು ಕಾರ್ಖಾನೆಯ ಡಾಕ್ಟರು.

"ನೋಡಿದ್ಯಾ ಉರ್ಪೊ?" ಊಟದ ಹೊತ್ತಿನಲ್ಲಿ ತೌನೊ ದನಿ ತಗ್ಗಿಸಿ ನನ್ನನ್ನು ಕೇಳಿದ. "ಗಾಯ ಇಲ್ಲ, ಜ್ವರ ಇಲ್ಲ. ಉರಿಯೂತ ಎಲ್ಲಿಂದ ಬಂತು? ಈ ಕಾಗದದ ಧೂಳಿಂದ. ಅವ್ರು ಅದನ್ನ ಹೇಳ್ತಾರಾ? ಅವ್ರಿಗೆ ಸಂಬಳ ಕೊಡೋದು ಯಾರು?"

"ಅದೇ ಧೂಳು ನಾನೂ ಕುಡೀತಿದೀನಲ್ಲೋ ಮಾರಾಯ."

"ನೀನು ಒಣಮೀನು. ನಿನ್ನಲ್ಲಿ ಧೂಳು ಕೂರೋಕೂ ಜಾಗ ಇಲ್ಲ."

ಬಿಡಲಿಲ್ಲ, ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದ. ಎಲ್ಲ ಸರಿಯಿತ್ತು. "ಲ್ಯಾಬಿನವರೂ ಅವರ ಕಡೆಯವರೇ" ಎಂದುಬಿಟ್ಟ.

ಕೊನೆಗೆ, ಕಾರ್ಖಾನೆಯ ನಂಟಿಲ್ಲದ ಡಾಕ್ಟರೇ ಬೇಕೆಂದು, ನನ್ನನ್ನೂ ಎಳೆದುಕೊಂಡು ದೂರದ ಕುವೊಪಿಯೊ ಪಟ್ಟಣಕ್ಕೆ ಹೋದ. ಅಲ್ಲಿನ ಡಾಕ್ಟರಮ್ಮನ ಮುಂದೆ ತಾನು ಅಂಚೆಯವನೆಂದು ಸುಳ್ಳು ಹೇಳಿದ. ಆಕೆ ಎದೆಯ ಎಕ್ಸ್-ರೇ ತೆಗೆಸಿದರು, ಸೊಂಟಕ್ಕೆ ಟೇಪು ಸುತ್ತಿದರು.

"ಶ್ವಾಸಕೋಶ ಚೆನ್ನಾಗಿದೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ನೆ ಕೂತಿರೋ ಮೂಟೆ ಅಲ್ಲ ರೀ. ಅತಿಯಾದಾಗ ಮೈಗೆಲ್ಲ ಅಪಾಯದ ಸುದ್ದಿ ಕಳಿಸ್ತಾನೇ ಇರುತ್ತೆ. ಗಾಯ ಇಲ್ದೇನೂ ಮೈ ಗಾಯ ಆದಂಗೆ ಕಾದಾಡುತ್ತೆ. ವರ್ಷಗಟ್ಟಲೆ ಹಿಂಗಾದ್ರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ರಕ್ತನಾಳ ಕೆಡುತ್ತೆ. ಕೀಲಿಗೂ ಬರೀ ಭಾರ ಅಲ್ಲ, ಈ ಉರಿಯೂತಾನೂ ಕಾರಣ."

ತೌನೊ ಕಣ್ಣು ಕಿರಿದು ಮಾಡಿದ. "ನೀವೂ ನಮ್ಮ ಕಾರ್ಖಾನೆ ಡಾಕ್ಟ್ರೂ ಒಟ್ಟಿಗೆ ಓದಿದವರಾ?"

"ಯಾವ ಕಾರ್ಖಾನೆ? ಅಂಚೆಯವ್ರು ಅಂದ್ರಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಆಕೆ ಎಸ್ತೋನಿಯಾದಲ್ಲಿ ಓದಿ ಫಿನ್ಲೆಂಡಿಗೆ ಬಂದವರು; ನಮ್ಮ ಡಾಕ್ಟರ ಜೊತೆ ಓದಿರಲು ಸಾಧ್ಯವೇ ಇರಲಿಲ್ಲ.

ಮರುವಾರದಿಂದ ತೌನೊ ಕಾಫಿ ಜೊತೆಗಿನ ಏಲಕ್ಕಿ ಬನ್ ಬಿಟ್ಟ, ಪಾಳಿ ಮುಗಿದ ಮೇಲೆ ಮನೆಗೆ ನಡೆದೇ ಹೋದ. ಅದೂ ನಂಬಿ ಅಲ್ಲ. "ತೂಕ ಇಳಿದ್ರೂ ಅಂಕಿ ಇಳಿಯಲ್ಲ, ಆಮೇಲೆ ನೋಡ್ಕೋತೀನಿ ಇವರನ್ನ" ಎನ್ನುತ್ತಿದ್ದ. ಧೂಳು ಮೊದಲಿನಷ್ಟೇ ಇತ್ತು, ಕೆಲಸವೂ ಅದೇ.

ಬೇಸಿಗೆಯ ಹೊತ್ತಿಗೆ ಹದಿಮೂರು ಕಿಲೋ ಇಳಿಸಿದ. ಒಂದೇ ದಿನ ಎರಡು ಊರಿನ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದ. ಎರಡೂ ಕಡೆ ಉರಿಯೂತದ ಅಂಕಿ ಅರ್ಧಕ್ಕೆ ಬಂದಿತ್ತು, ಸಕ್ಕರೆಯೂ ತಗ್ಗಿತ್ತು. ಡಾಕ್ಟರು ಕೊಟ್ಟಿದ್ದ ಮಾತ್ರೆ ಮಾತ್ರ ನಿಲ್ಲಲಿಲ್ಲ.

ಆ ಎರಡು ಹಾಳೆಗಳನ್ನು ಅವನು ನನ್ನ ಮುಂದೆ ಅಕ್ಕಪಕ್ಕ ಇಟ್ಟ.

"ಈ ಕೊಬ್ಬು ಒಳಗೊಳಗೇ ಹಿಂಗೆ ಮಾಡುತ್ತೆ ಅಂತ ಇಷ್ಟು ವರ್ಷ ಯಾಕೋ ಯಾರೂ ಹೇಳ್ಲಿಲ್ಲ?" ಎಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.